ನಗರವೂ ಬಡವರ ನೆಲೆಯೂ

ಅನ್ನ, ಬಟ್ಟೆ, ವಸತಿ ಈ ಮೂರೂ ಮನುಷ್ಯನಿಗೆ ಅವಶ್ಯವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮೊದಲಿನ ಎರಡಕ್ಕೂ ಮೂರನೆಯದಕ್ಕೂ ಒಂದು ಭೇದವುಂಟು. ಕೈ ಬಿಗಿಯಾದಾಗ ಬಡವನು ಒಂದು ಹೊತ್ತಿನ ಊಟವನ್ನು ಬಿಡುವನು. ಹರಿದ ಬಟ್ಟೆಗೆ ತೇಪೆ ಹಾಕಿ ಇನ್ನೊಂದು ವರ್ಷ ಉಡುವನು. ಮನೆಯನ್ನಾದರೋ ಸೇರು ಪಾವುಗಳ ಲೆಕ್ಕದಲ್ಲಿ ಕೊಳ್ಳುವುದಕ್ಕಾಗುವುದಿಲ್ಲ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಹುಟ್ಟಿದ್ದು ಸ್ವಲ್ಪ ಮಟ್ಟಿಗೆ ಅನುಕೂಲವಾಗಿರುವ ಗೃಹಸ್ಥರ ಅನುಭವದಿಂದ. ಅವರಿಗೇ ಇದು ಇಷ್ಟು ಕಷ್ಟವಾದರೆ, ಅಂದಂದಿನ ಕೂಲಿಯನ್ನು ಅಂದಂದೇ ಉಂಡು ಬದುಕತಕ್ಕವರ ಪಾಡೇನು? ಈ ಪ್ರಶ್ನೆಯನ್ನು ಕುರಿತು ಶ್ರೋತೃಗಳೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಕನ್ನಡದಲ್ಲಿ 'ನೆಲೆ' ಎಂಬ ಒಂದು ಒಳ್ಳೆಯ ಮಾತಿದೆ. ಮನೆಯಿದ್ದೂ ನೆಲೆಯಿಲ್ಲದವರು ಇರುವುದುಂಟು. ಮಳೆಗೆ ಸೋರದ, ಗಾಳಿಗೆ ಬೀಳದ, ಬೆಳಕು ಬರುವ ಮನೆಯಾಗಿರಬೇಕು, ಇದು ಮೊದಲನೆಯದು. ಅದರ ಬಾಡಿಗೆಯನ್ನೋ ಸಾಲದ ಕಂತನ್ನೋ ತೆತ್ತ ಮೇಲೆ ಮಕ್ಕಳ ಅನ್ನಕ್ಕೂ ಔಷಧಕ್ಕೂ ಏನಾದರೂ ಉಳಿಯಬೇಕು, ಇದು ಎರಡನೆಯದು. ನಾಳೆ ಬೆಳಿಗ್ಗೆ ಯಾರಾದರೂ ಬಂದು "ಏಳಿ, ಹೊರಡಿ" ಎನ್ನಬಹುದೆಂಬ ಅಂಜಿಕೆಯಿಲ್ಲದೆ, ದುಡಿಮೆಗೆ ಹೋಗಿಬರುವಷ್ಟು ದೂರದಲ್ಲಿ, ಅಲ್ಲಿ ಬಾಳುವಂತಿರಬೇಕು, ಇದು ಮೂರನೆಯದು. ಈ ಮೂರೂ ಕೂಡಿದರೆ ನೆಲೆ. ಮೂರರಲ್ಲಿ ಒಂದು ತಪ್ಪಿದರೆ ಉಳಿದ ಎರಡೂ ಬಹು ಕಾಲ ನಿಲ್ಲಲಾರವು. ನಮ್ಮ ನಗರಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆ ರೋಗದ ಅಣುಜೀವಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಇಲಿಯ ಮೈಮೇಲಣ ಚಿಗಟವೇ ಅದನ್ನು ಮನುಷ್ಯನಿಗೆ ಮುಟ್ಟಿಸುವುದೆಂಬುದನ್ನು ಸೀಮೋನ್ ಎಂಬ ವೈದ್ಯನು 1898ರಲ್ಲಿ ಗುರುತಿಸಿದನು. ಆದರೆ ಈ ತತ್ತ್ವವನ್ನು ಲೋಕವು ಒಪ್ಪುವುದಕ್ಕೆ ಇನ್ನೂ ಕೆಲವು ವರ್ಷಗಳು ಹಿಡಿದುವು. ಸಾಮಾನ್ಯ ಜನರಿಗೆ ತಿಳಿದಿದ್ದುದು ಇಷ್ಟೆ: ಇಲಿ ಬಿದ್ದರೆ ಮನೆ ಬಿಡಬೇಕು. ಊರೂರುಗಳಲ್ಲಿ ಜನರು ಮನೆಗಳಿಗೆ ಬೀಗ ಹಾಕಿ ಬಯಲಿನಲ್ಲಿ ಷೆಡ್ಡುಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಬಾಳಿದರು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ, ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ, ಧಾನ್ಯದ ಮಳಿಗೆಗಳ ಮಗ್ಗುಲಲ್ಲಿ ಒಬ್ಬರ ಮೇಲೊಬ್ಬರಂತೆ ವಾಸವಾಗಿದ್ದವರಲ್ಲಿ ಈ ಮಾರಿಗೆ ತುತ್ತಾದವರು ಬಹಳ. ಮನೆಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಅಧಿಕಾರಿಗಳು ಮನಗಂಡದ್ದು ಈ ಕಠಿನವಾದ ಪಾಠದಿಂದ.

ಆ ಪಾಠದ ಫಲವಾಗಿ ಬಸವನಗುಡಿ ಮಲ್ಲೇಶ್ವರಗಳು ಬೆಳೆದುವು. ದಂಡಿನ ಪ್ರದೇಶದಲ್ಲಿ ಫ್ರೇಜರ್ ಟೌನ್ ಹುಟ್ಟಿತು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಮಂಡಲಿ ಏರ್ಪಟ್ಟಿತು. ಅಗಲವಾದ ಬೀದಿಗಳು, ಸಾಲುಮರಗಳು, ಪ್ರತಿಯೊಂದು ಮನೆಗೂ ಸುತ್ತ ಬಯಲು, ಗಾಳಿ, ಬೆಳಕು. ಈ ಕಾರ್ಯವು ಸ್ತುತ್ಯವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಬಡಾವಣೆಗಳ ನಕ್ಷೆಯಲ್ಲಿ ಒಂದು ಅಂಶವನ್ನು ನಾವು ಗಮನಿಸತಕ್ಕದ್ದಾಗಿದೆ. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಅಲ್ಲಿ ಒಂದೊಂದು ಕಿರಿದಾದ ಓಣಿಯನ್ನು ಬಿಟ್ಟಿದ್ದರು. ಕನ್ಸರ್ವೆನ್ಸಿ ಎಂದು ಅದಕ್ಕೆ ಹೆಸರು. ಇಂದಿಗೂ ಹಳೆಯ ಬಡಾವಣೆಗಳಲ್ಲಿ ಅದು ಅಲ್ಲಲ್ಲಿ ಕಾಣಸಿಗುತ್ತದೆ. ಮಲವನ್ನು ಹೊರುವ ಆಳು ಬೀದಿಯ ಬಾಗಿಲಿಗೆ ಬಾರದೆ, ಯಾರ ಕಣ್ಣಿಗೂ ಬೀಳದೆ, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲೆಂದು ಮಾಡಿದ ಏರ್ಪಾಡು ಅದು. ಅವನು ನಡೆಯುವುದಕ್ಕೆ ಬೇಕಾದ ಸ್ಥಳವನ್ನು ನಕ್ಷೆಯು ಅಳೆದು ಕೊಟ್ಟಿತು. ಅವನೂ ಅವನ ಹೆಂಡಿರು ಮಕ್ಕಳೂ ರಾತ್ರಿ ಮಲಗುವುದೆಲ್ಲಿ ಎಂಬುದಕ್ಕೆ ಆ ನಕ್ಷೆಯಲ್ಲಿ ಉತ್ತರವಿರಲಿಲ್ಲ. ನಿವೇಶನ ಪಡೆದು ಮನೆ ಕಟ್ಟಿಸುವ ಶಕ್ತಿಯುಳ್ಳವರು ಹೊಸ ಗಾಳಿಗೆ ಬಂದರು. ಶಕ್ತಿಯಿಲ್ಲದವರು ಹಳೆಯ ಇಕ್ಕಟ್ಟಿನಲ್ಲಿಯೋ ಕೆರೆಯಂಗಳದ ಗುಡಿಸಲುಗಳಲ್ಲಿಯೋ ಉಳಿದರು.

ದುಡಿಮೆಗೆ ಸ್ಥಳವನ್ನು ಕೊಟ್ಟು, ದುಡಿಯುವವನಿಗೆ ಸ್ಥಳವನ್ನು ಕೊಡದಿರುವ ಈ ಪದ್ಧತಿ ಒಂದು ಊರಿಗೆ ಸೀಮಿತವಾದದ್ದಲ್ಲ. ಕೋಲಾರದ ಚಿನ್ನದ ಗಣಿಗಳನ್ನು ನೋಡೋಣ. ಶಿವನಸಮುದ್ರದ ಜಲಪಾತದಿಂದ ಅಲ್ಲಿಗೆ ವಿದ್ಯುಚ್ಛಕ್ತಿ ಹರಿದದ್ದು 1902ರಲ್ಲಿ. ಅಂದಿಗೆ ಅದು ಇಡೀ ದೇಶವೇ ಬೆರಗಾಗತಕ್ಕ ಸಾಹಸ. ಅದೇ ಕಾಲದಲ್ಲಿ ಗಣಿಯ ಆಳಕ್ಕೆ ಇಳಿಯುತ್ತಿದ್ದ ಕೂಲಿಗಳು ವಾಸವಾಗಿದ್ದುದು ಬಿದಿರು ತಟ್ಟಿಯ ಒಂದೇ ಕೋಣೆಯ ಗುಡಿಸಲುಗಳ ಸಾಲಿನಲ್ಲಿ. ಮುಂದೆ ಕಾಲಕ್ರಮದಲ್ಲಿ ಆ ಲೈನುಗಳು ಸ್ವಲ್ಪ ಸುಧಾರಿಸಿದುವು. ಆದರೆ ಅಲ್ಲಿನ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ; ಕೆಲಸವಿರುವವರೆಗೆ ಸೂರು, ಕೆಲಸ ಹೋದರೆ ಸೂರಿಗೂ ಸಂಚಕಾರ. 2001ರ ಫೆಬ್ರವರಿ ಕೊನೆಗೆ ಗಣಿಗಳು ಮುಚ್ಚಿದಾಗ, ಮೂರು ನಾಲ್ಕು ತಲೆಮಾರುಗಳಿಂದ ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಸಂಬಳದ ಚಿಂತೆಯೊಡನೆ, ತಾವು ಮಲಗುವ ನೆಲ ಯಾರದೆಂಬ ಚಿಂತೆಯೂ ಹುಟ್ಟಿತು. ಗೋಡೆಯಿತ್ತು, ಬಾಡಿಗೆಯೂ ಹಗುರವಾಗಿತ್ತು. ನೆಲೆಯ ಮೂರನೆಯ ಗುಣವೊಂದು ಇರಲಿಲ್ಲ.

ಮನೆಯ ಭದ್ರತೆಗೂ ದೇಹಸ್ಥಿತಿಗೂ ಇರುವ ನಂಟನ್ನು ಪ್ಲೇಗಿನ ಉದಾಹರಣೆಯಿಂದ ಮಾತ್ರವೇ ತಿಳಿಯಬೇಕಾಗಿಲ್ಲ. ಬಿಸಿಲು ಕಾಣದ, ಗಾಳಿಯಾಡದ ಕೋಣೆಯಲ್ಲಿ ಒಬ್ಬನಿಗೆ ಕ್ಷಯ ತಗುಲಿದರೆ ಅದು ಮಿಕ್ಕವರನ್ನು ಹುಡುಕಿಕೊಂಡು ಹೋಗಬೇಕಾದ ಪ್ರಯಾಸವಿಲ್ಲ. ದೂರದ ಮೆಕ್ಸಿಕೋ ದೇಶದಲ್ಲಿ ನಡೆದ ಒಂದು ಪ್ರಯೋಗವು ಈ ವಿಷಯದಲ್ಲಿ ಬಹು ಬೋಧಪ್ರದವಾಗಿದೆ. ಅಲ್ಲಿನ ಸರ್ಕಾರವು ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸಿಮೆಂಟು ಗಾರೆಯನ್ನು ಹಾಕಿಸಿಕೊಟ್ಟಿತು. ಮನೆಯನ್ನಲ್ಲ, ಕೇವಲ ನೆಲವನ್ನು. 2009ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಮಣ್ಣಿನ ನೆಲವು ಪೂರ್ತಿಯಾಗಿ ಗಾರೆಯಾದ ಮನೆಗಳಲ್ಲಿ ಚಿಕ್ಕ ಮಕ್ಕಳ ಹೊಟ್ಟೆಹುಳುವಿನ ಬಾಧೆ ನೂರಕ್ಕೆ 78ರಷ್ಟೂ, ಅತಿಸಾರ 49ರಷ್ಟೂ, ರಕ್ತಹೀನತೆ 81ರಷ್ಟೂ ಇಳಿದುವು. ಮಕ್ಕಳ ಬುದ್ಧಿಯ ಬೆಳವಣಿಗೆಯೂ ಚುರುಕಾಯಿತು. ಅಂಬೆಗಾಲಿಡುವ ಮಗುವಿಗೆ ನೆಲವೇ ಲೋಕ. ಆ ನೆಲ ಶುಚಿಯಾದರೆ ಆಸ್ಪತ್ರೆಯ ಬಾಗಿಲಿಗೆ ಎಡತಾಕುವುದು ಅಷ್ಟರ ಮಟ್ಟಿಗೆ ತಪ್ಪುವುದು.

ಪ್ಲೇಗು ಬಂದ 122 ವರ್ಷಗಳ ಮೇಲೆ, 2020ರಲ್ಲಿ, ಮತ್ತೊಂದು ಪಿಡುಗು ಬಂದಿತು. ಆ ಕೋವಿಡ್ ಕಾಲದಲ್ಲಿ ಒಬ್ಬರಿಂದೊಬ್ಬರು ಆರು ಅಡಿ ದೂರವಿರಿ, ಮನೆಯಲ್ಲಿಯೇ ಇರಿ, ಕೈಗಳನ್ನು ಅಡಿಗಡಿಗೆ ತೊಳೆಯಿರಿ ಎಂದು ಎಲ್ಲರಿಗೂ ಹೇಳಲಾಯಿತು. ಹಿತವಾದ ಮಾತೇ ಸರಿ. ಆದರೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯಲ್ಲಿ ಆರು ಜನ ಮಲಗುವಲ್ಲಿ ಆರು ಅಡಿಯ ಲೆಕ್ಕ ಹೇಗೆ ನಡೆಯಬೇಕು? ಬೀದಿಯ ನಲ್ಲಿಯ ಮುಂದೆ ಬಿಂದಿಗೆಗಳನ್ನು ಸಾಲಾಗಿಡುವಲ್ಲಿ ಕೈ ತೊಳೆಯುವುದಕ್ಕೆ ನೀರೆಲ್ಲಿ? ಮಾರ್ಚಿ 25ರಿಂದ ದೇಶವೆಲ್ಲ ಸ್ತಬ್ಧವಾದಾಗ, ಕಟ್ಟಡ ಕಟ್ಟುವ ಜಾಗದಲ್ಲಿಯೇ ತಗಡಿನ ಷೆಡ್ಡುಗಳಲ್ಲಿದ್ದ ಕೂಲಿಗಳಿಗೆ ಕೆಲಸದೊಡನೆ ತಂಗುವ ಆಸರೆಯೂ ಹೋಯಿತು. ಬಾಡಿಗೆಯ ಕೋಣೆಗಳಲ್ಲಿದ್ದವರಿಗೆ ತಿಂಗಳು ತುಂಬುವುದೇ ಭಯವಾಯಿತು. ಲಕ್ಷಾಂತರ ಜನರು ಗಂಟುಮೂಟೆಗಳನ್ನು ಹೊತ್ತು, ಕೂಸುಗಳನ್ನು ಎತ್ತಿಕೊಂಡು ನೂರಾರು ಮೈಲಿ ನಡೆದರು. ತಾವು ಕಟ್ಟಿದ ನಗರದಲ್ಲಿ ಅವರಿಗೆ ನಿಲ್ಲುವ ನೆಲೆಯಿರಲಿಲ್ಲವೆಂಬುದು ಆ ದಿನಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತು.

ಇನ್ನು ಎರಡನೆಯ ಗುಣವಾದ ಬೆಲೆಯ ವಿಚಾರ. ಬಡವರು ಮನೆಗೆ ಕಡಮೆ ತೆರುವರೆಂಬುದು ನಮ್ಮಲ್ಲಿ ಅನೇಕರ ಭಾವನೆ. ಒಂದೊಂದು ಅಡಿ ಜಾಗಕ್ಕೆ ಲೆಕ್ಕ ಹಾಕಿ ನೋಡಿದರೆ ಸಂಗತಿ ಬೇರೆಯಾಗಿಯೇ ಕಾಣಬಹುದು. ಕೊಳಾಯಿಯಿರುವ ಮನೆಯವನು ತಿಂಗಳಿಗೊಮ್ಮೆ ನೀರಿನ ಬಿಲ್ಲನ್ನು ಕಟ್ಟುವನು. ಕೊಳಾಯಿಯಿಲ್ಲದವನು ಬಿಂದಿಗೆಯ ಲೆಕ್ಕದಲ್ಲಿ ಕೊಳ್ಳುವನು. ಚಿಲ್ಲರೆಯಾಗಿ ಕೊಂಡದ್ದು ಎಂದಿಗೂ ದುಬಾರಿಯೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ವಾಡಿಕೆ ಬಹು ಕಾಲದಿಂದ ಬಂದಿದೆ. ಅಷ್ಟು ಹಣವನ್ನು ಒಟ್ಟಿಗೆ ಕೂಡಿಸಬಲ್ಲ ಕೂಲಿಕಾರನು ಯಾರು? ಅವನು ಬಡ್ಡಿಗೆ ತರುವನು, ಇಲ್ಲವೆ ಮುಂಗಡ ಕೇಳದ ಜೋಪಡಿಯನ್ನು ಹುಡುಕುವನು. 2021ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಶಾಸನದಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಸೂಚಿಸಿರುವುದು ಈ ಕಾರಣದಿಂದಲೇ.

ಮನೆಗಳೇ ಸಾಲವೆಂದು ಹೇಳುವುದುಂಟು. ಅದು ಅರ್ಧ ಸತ್ಯ. ಕೇಂದ್ರ ಸರ್ಕಾರವು ನೇಮಿಸಿದ್ದ ತಜ್ಞರ ಮಂಡಲಿಯೊಂದು 2012ರಲ್ಲಿ ದೇಶದ ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು ಗಣಿಸಿತು. ಈ ಕೊರತೆಯಲ್ಲಿ ನೂರಕ್ಕೆ 95ರಷ್ಟು ಭಾಗ ಬಡವರದೂ ಅಲ್ಪ ವರಮಾನದವರದೂ ಆಗಿತ್ತು. ಇದಕ್ಕೆ ಒಂದು ವರ್ಷ ಮೊದಲು, 2011ರಲ್ಲಿ ನಡೆದ ಜನಗಣತಿಯು, ಇದೇ ನಗರಗಳಲ್ಲಿ ಬೀಗ ಹಾಕಿಕೊಂಡು ಖಾಲಿ ಬಿದ್ದಿದ್ದ ಮನೆಗಳು 1 ಕೋಟಿ 10 ಲಕ್ಷವೆಂದು ಲೆಕ್ಕ ತೋರಿಸಿತು. ಕೊಳೆಗೇರಿಗಳಲ್ಲಿದ್ದ ಜನ ಸುಮಾರು 6 ಕೋಟಿ 55 ಲಕ್ಷ. ಈ ಮೂರು ಅಂಕಿಗಳನ್ನು ಒತ್ತಟ್ಟಿಗಿಟ್ಟು ಆಲೋಚಿಸಿದರೆ ಒಂದು ವಿಷಯ ವಿಶದವಾಗುವುದು. ಇಟ್ಟಿಗೆ ಗಾರೆಗಳು ಹೋಗಿ ಸೇರುತ್ತಿರುವುದು ಹಣವನ್ನು ಹೂಡುವವರ ಕಡೆಗೆ. ತಲೆಯನ್ನು ಊರುವವರ ಕಡೆಗಲ್ಲ.

ಮೂರನೆಯ ಗುಣ, ಎಬ್ಬಿಸಲಾಗದಂತಹ ಹಕ್ಕು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ಜೋಪಡಿಯನ್ನು ಕೆಡಹುವ ಯಂತ್ರದ ಮುಂದೆ ನಿಂತು ನೆನೆಯಬೇಕು. ತಗಡು, ಹಂಚು, ಬಾಗಿಲು ಎಂದು ಒಂದೊಂದನ್ನೂ ಕೂಡಿಸಿ ಹತ್ತು ವರ್ಷಗಳಲ್ಲಿ ಮಾಡಿಕೊಂಡದ್ದು ಒಂದು ಮಧ್ಯಾಹ್ನದಲ್ಲಿ ಮಣ್ಣಾಗುವುದು. ಅದರೊಡನೆ ಪಡಿತರ ಚೀಟಿಯ ವಿಳಾಸವೂ, ಮಕ್ಕಳ ಶಾಲೆಯೂ, ನಂಬಿ ಸಾಲ ಕೊಡುವ ಅಂಗಡಿಯೂ ಹೋಗುವುವು. ನಾಳೆ ಇರುವೆವೋ ಇಲ್ಲವೋ ಎಂದಿರುವವರು ಸೋರುವ ಮಾಡನ್ನು ಏತಕ್ಕೆ ರಿಪೇರಿ ಮಾಡುವರು? ಕಕ್ಕಸನ್ನು ಏತಕ್ಕೆ ಕಟ್ಟುವರು? ಕೊಳೆಗೇರಿಯ ಕೊಳೆಗೆ ಅಲ್ಲಿನವರ ಅಭ್ಯಾಸವೇ ಕಾರಣವೆನ್ನುವವರು ಇದನ್ನು ವಿಚಾರ ಮಾಡುವುದು ಲೇಸು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಹಿಂದೆ ಮುಂದೆ ನೋಡತಕ್ಕವರು ನಾವು.

ಮುಂಬಯಿಯಲ್ಲಿ 1981ರ ಮಳೆಗಾಲದಲ್ಲಿ ಕಾಲುದಾರಿಗಳ ಮೇಲಣ ಜನರನ್ನು ಎಬ್ಬಿಸುವ ಕಾರ್ಯ ನಡೆಯಿತು. ಅದರ ಮೇಲೆ ನಡೆದ, ಓಲ್ಗಾ ಟೆಲ್ಲಿಸ್ ಮೊಕದ್ದಮೆಯೆಂದು ಪ್ರಸಿದ್ಧವಾದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ತೀರ್ಪು ಕೊಟ್ಟಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ. ಕೆಲಸವಿರುವ ಕಡೆಯೇ ಬಡವನು ಮಲಗುವನಾದುದರಿಂದ ಅವನ ಸೂರನ್ನು ಕಿತ್ತರೆ ಅನ್ನವನ್ನೂ ಕಿತ್ತಂತೆ ಎಂಬ ವಾದವನ್ನು ನ್ಯಾಯಾಧೀಶರು ಅಂಗೀಕರಿಸಿದರು. ಆದರೂ ಕಾಲುದಾರಿಯ ಮೇಲೆ ವಾಸಿಸುವ ಹಕ್ಕು ಯಾರಿಗೂ ಇಲ್ಲವೆಂದರು. ಮುನ್ಸೂಚನೆಯಿಲ್ಲದೆ ಎಬ್ಬಿಸಕೂಡದೆಂದೂ, ಮಳೆಗಾಲ ಕಳೆಯುವವರೆಗೆ ತಡೆಯಬೇಕೆಂದೂ ವಿಧಿಸಿದರು. ಹಕ್ಕನ್ನು ತತ್ತ್ವದಲ್ಲಿ ಒಪ್ಪುವುದು ಬೇರೆ, ನೆಲದ ಮೇಲೆ ಅಳೆದು ಕೊಡುವುದು ಬೇರೆ ಎಂಬುದಕ್ಕೆ ಈ ತೀರ್ಪು ಒಂದು ನಿದರ್ಶನ.

ಅಳೆದು ಕೊಟ್ಟ ನಿದರ್ಶನಗಳೂ ನಮ್ಮ ನಾಡಿನಲ್ಲಿಯೇ ಇವೆ. ಕೊಳೆಗೇರಿಗಳ ಅಭಿವೃದ್ಧಿಗೆಂದು ಕರ್ನಾಟಕವು 1973ರ ಶಾಸನವನ್ನು ಮಾಡಿತು. ಆ ಶಾಸನದಂತೆ ಒಂದು ಕೇರಿಯನ್ನು ಕೊಳೆಗೇರಿಯೆಂದು ಘೋಷಿಸಿದರೆ ಅಲ್ಲಿಗೆ ನೀರು, ದೀಪ, ಚರಂಡಿಗಳನ್ನು ಒದಗಿಸುವ ದಾರಿ ತೆರೆಯುವುದು. ಘೋಷಣೆಯಾಗದ ಕೇರಿಯು ಕಾಗದದ ಮೇಲೆ ಇಲ್ಲವೇ ಇಲ್ಲ. ಹಳ್ಳಿಗಳ ಕಡೆ ಲಂಬಾಣಿ ತಾಂಡಾ, ಗೊಲ್ಲರ ಹಟ್ಟಿ, ಹಾಡಿ, ದೊಡ್ಡಿ ಮೊದಲಾದ ವಸತಿಗಳು ತಲೆಮಾರುಗಳಿಂದ ಇದ್ದರೂ ಕಂದಾಯದ ದಾಖಲೆಯಲ್ಲಿ ಗ್ರಾಮಗಳಾಗಿರಲಿಲ್ಲ. 2017ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು, ಅಲ್ಲಿ ವಾಸಿಸುವವರಿಗೇ ಮನೆಯ ಒಡೆತನವನ್ನು ಕೊಡುವ ಮಾರ್ಗವನ್ನು ಮಾಡಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50 ಸಾವಿರ ಕುಟುಂಬಗಳಿಗೆ ಇಂತಹ ಹಕ್ಕುಪತ್ರಗಳನ್ನು ಹಂಚಲಾಯಿತು. ಅಂದು ಒಂದು ಗೋಡೆಯೂ ಹೊಸದಾಗಿ ಏಳಲಿಲ್ಲ. ಆದರೆ ಪತ್ರವಿರುವ ಮನೆಯ ಮೇಲೆ ಬ್ಯಾಂಕು ಸಾಲ ಕೊಡಬಹುದು, ತಾಯಿ ಮಕ್ಕಳಿಗೆ ಬಿಟ್ಟುಹೋಗಬಹುದು, ನೆರೆಯವನು ಬೆದರಿಸಲಾರನು. ಆ ಪತ್ರವು ಹೆಂಗಸಿನ ಹೆಸರಿನಲ್ಲಿಯೂ ಇದ್ದರೆ, ಕುಡಿದು ಬಂದ ಗಂಡನು ಅವಳನ್ನು ಹೊರಗೆ ನೂಕುವ ಮುನ್ನ ಒಂದು ಕ್ಷಣ ಯೋಚಿಸಬೇಕಾಗುವುದು.

ಹಾಗಾದರೆ ನಗರಗಳಲ್ಲಿ ಮಾಡತಕ್ಕದ್ದೇನು? ಊರಿನಿಂದ ಹತ್ತು ಹದಿನೈದು ಮೈಲಿ ದೂರದಲ್ಲಿ ಅಗ್ಗದ ಜಮೀನನ್ನು ಹಿಡಿದು, ಬಹು ಅಂತಸ್ತಿನ ಕಟ್ಟಡಗಳನ್ನು ಎಬ್ಬಿಸಿ, ಬಡವರನ್ನು ಅಲ್ಲಿಗೆ ಸಾಗಿಸುವುದು ಸುಲಭವಾಗಿ ತೋರುವ ಉಪಾಯ. ಆದರೆ ಬೆಳಗಿನ ಐದು ಗಂಟೆಗೆ ಕಸ ಗುಡಿಸಬೇಕಾದವಳು, ಎರಡು ಮೂರು ಮನೆಗಳ ಮುಸುರೆ ತಿಕ್ಕಿ ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಹಿಂತಿರುಗಬೇಕಾದವಳು, ಅಲ್ಲಿಂದ ಹೇಗೆ ಬಂದಾಳು? ಬಸ್ಸಿನ ದರವನ್ನು ಬಾಡಿಗೆಯೊಡನೆ ಕೂಡಿಸಿ ಲೆಕ್ಕ ಹಾಕಿದರೆ ಆ ಅಗ್ಗದ ಮನೆ ಅಗ್ಗವಲ್ಲ.

ಇದಕ್ಕಿಂತ ಮೇಲಾದ ದಾರಿಗಳುಂಟು. ಮನೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಳ್ಳಲಾಗದು. ನೆಲವು ತನ್ನದಾದರೆ ಸ್ವಲ್ಪ ಸ್ವಲ್ಪವಾಗಿ ಕಟ್ಟಬಹುದು. ಇಂದೂರಿನಲ್ಲಿ 1980ರ ದಶಕದಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಯೋಜಿಸಿದ 'ಅರಣ್ಯ' ಎಂಬ ಬಡಾವಣೆ ಇದಕ್ಕೆ ಮಾದರಿ. ಸುಮಾರು 6,500 ನಿವೇಶನಗಳ ಆ ಯೋಜನೆಯಲ್ಲಿ ಅತಿ ಬಡವರಿಗೆ ಸುಮಾರು 35 ಚದರ ಮೀಟರಿನ ನಿವೇಶನವನ್ನು, ತಳಪಾಯ, ನೀರು, ಕಕ್ಕಸುಗಳೊಡನೆ ಕೊಟ್ಟರು. ಮೇಲಿನ ಮನೆಯನ್ನು ಆಯಾ ಕುಟುಂಬವು ತನ್ನ ಶಕ್ತ್ಯನುಸಾರ, ಇಂದೊಂದು ಕೋಣೆ, ಮುಂದೊಂದು ಮಹಡಿ ಎಂದು ಕಟ್ಟಿಕೊಂಡಿತು. ಅನುಕೂಲಸ್ಥರ ದೊಡ್ಡ ನಿವೇಶನಗಳನ್ನು ಅದೇ ಬಡಾವಣೆಯಲ್ಲಿಟ್ಟು, ಅವುಗಳ ಮಾರಾಟದ ಲಾಭವನ್ನು ಬಡವರ ಪಾಲಿಗೆ ಸಲ್ಲಿಸಿದರು. ಕೊಳ್ಳಲಾರದವರಿಗೆ, ಇಂದು ಇಲ್ಲಿ, ನಾಳೆ ಅಲ್ಲಿ ದುಡಿಯತಕ್ಕವರಿಗೆ, ನ್ಯಾಯವಾದ ಬಾಡಿಗೆಯ ಮನೆ ಬೇಕು. ಯುರೋಪಿನ ವಿಯೆನ್ನಾ ನಗರಸಭೆಯು 1923ರಲ್ಲಿ ಮನೆಗಳ ಮೇಲೆ ಒಂದು ತೆರಿಗೆಯನ್ನು, ದೊಡ್ಡ ಮನೆಗೆ ಹೆಚ್ಚಾಗಿಯೂ ಚಿಕ್ಕ ಮನೆಗೆ ಅತ್ಯಲ್ಪವಾಗಿಯೂ ಹಾಕಿ, 1934ರೊಳಗೆ 60 ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ನಗರದ ಒಳಗಡೆಯೇ ಕಟ್ಟಿಸಿತು. ನಮ್ಮಲ್ಲಿಯೂ, ಕೆಲಸಗಾರರಿಗೆ ಕಡಮೆ ಬಾಡಿಗೆಯ ವಸತಿಗಳನ್ನು ಒದಗಿಸುವ ಒಂದು ಯೋಜನೆಗೆ 2020ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತಿತು.

ಇಷ್ಟೆಲ್ಲ ಹೇಳಿದರೆ, "ಅವರನ್ನು ಪಟ್ಟಣಕ್ಕೆ ಬನ್ನಿರೆಂದು ಕರೆದವರಾರು?" ಎಂದು ಕೆಲವರು ಕೇಳುವುದುಂಟು. ಕರೆದವರು ನಾವೇ. ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ, ಬಿಹಾರ, ಒಡಿಶಾ, ಬಂಗಾಳಗಳಿಂದಲೂ ಬಂದವರ ಕೈಯಿಂದ ನಮ್ಮ ಮನೆಗಳು ಎದ್ದಿವೆ. ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಿಯೋ ಅದರ ಹತ್ತಿರವೋ ತಾತ್ಕಾಲಿಕ ವಸತಿಯನ್ನು, ಅಡಿಗೆಗೂ ಸ್ನಾನಕ್ಕೂ ಶೌಚಕ್ಕೂ ಬೇರೆ ಬೇರೆ ಸ್ಥಳಗಳೊಡನೆ, ಬಾಡಿಗೆಯಿಲ್ಲದೆ ಕೊಡತಕ್ಕದ್ದೆಂದು 1996ರ ಶಾಸನವು ಕೆಲಸ ಮಾಡಿಸುವವನಿಗೆ ವಿಧಿಸಿತು. ನಮ್ಮ ಕಣ್ಣೆದುರಿಗೇ ಏಳುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಷೆಡ್ಡುಗಳಲ್ಲಿ ಈ ವಿಧಿಯು ಎಷ್ಟು ಮಟ್ಟಿಗೆ ನಡೆಯುತ್ತಿದೆಯೆಂಬುದನ್ನು ನೋಡಲು ದೂರದರ್ಶಕ ಯಂತ್ರವೇನೂ ಬೇಕಾಗಿಲ್ಲ.

ಓದು ಬಲ್ಲ ನಗರವಾಸಿಗಳಾದ ನಮ್ಮಿಂದ ಆಗತಕ್ಕ ಕೆಲಸವಾದರೂ ಏನು? ನಾವು ಮನೆ ಕಟ್ಟಿಸುವಾಗ, ಕೂಲಿಯವರು ತಂಗುವುದೆಲ್ಲಿ, ಅವರ ಹೆಂಗಸರು ಸ್ನಾನಕ್ಕೆ ಹೋಗುವುದೆಲ್ಲಿ ಎಂದು ಕಂಟ್ರಾಕ್ಟರನ್ನು ಕೇಳಬಹುದು. ಅದಕ್ಕೆ ತಗಲುವ ವೆಚ್ಚವನ್ನು ನಮ್ಮ ಅಂದಾಜು ಪಟ್ಟಿಯಲ್ಲಿಯೇ ಸೇರಿಸಬಹುದು. ಮನೆಯನ್ನು ಬಾಡಿಗೆಗೆ ಕೊಡುವಾಗ ಜಾತಿ ಮತಗಳನ್ನು ಕೇಳದೆ, ಮುಂಗಡವನ್ನು ಮಿತಗೊಳಿಸಿ, ಕೊಟ್ಟ ಹಣಕ್ಕೆ ರಸೀತಿಯನ್ನು ಬರೆದುಕೊಡಬಹುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮ ಬಡಾವಣೆಯ ಮಗ್ಗುಲಲ್ಲಿ ಪೌರಕಾರ್ಮಿಕರಿಗೋ ಕೂಲಿಗಾರರಿಗೋ ಮನೆಗಳು ಬರುವುವೆಂದು ಸುದ್ದಿಯಾದರೆ ಮನವಿಗಳು ಹುಟ್ಟಿಕೊಳ್ಳುವುವು. ನಿವೇಶನದ ಬೆಲೆ ಇಳಿಯುವುದೆಂಬ ಚಿಂತೆ ತಲೆದೋರುವುದು. ಬಡವರಿಗೆ ಮನೆ ಬೇಕೆಂಬುದನ್ನು ಸಭೆಯಲ್ಲಿ ಒಪ್ಪಿ, ಅದು ನಮ್ಮ ಬೀದಿಯ ಆಚೆಗಿರಲೆಂದು ಅರ್ಜಿ ಬರೆಯುವವರು ವಿದ್ಯಾವಂತರೇ. ಆ ಅರ್ಜಿಗೆ ನಮ್ಮ ರುಜುವನ್ನು ಹಾಕದಿರುವುದು ನಮ್ಮ ಕೈಯಲ್ಲಿದೆ. ವಾರ್ಡಿನ ಸಭೆಗೆ ಹೋಗಿ, ಈ ಮನೆಗಳು ಇಲ್ಲಿಯೇ ಆಗಲಿ, ನೀರೂ ಬಸ್ಸೂ ಶಾಲೆಯೂ ಎಲ್ಲರಿಗೂ ಒಂದೇ ಇರಲಿ ಎಂದು ಹೇಳುವುದೂ ನಮ್ಮ ಕೈಯಲ್ಲಿಯೇ ಇದೆ. ಒಬ್ಬಿಬ್ಬರು ಎದ್ದು ನಿಂತು ಹೇಳಿದರೂ ಅಧಿಕಾರಿಗಳಿಗೆ ಅದೊಂದು ಬಲವಾಗುವುದು.

ರೋಗವು ಬಂದಾಗ ಮಾತ್ರ ಬಡವನ ಮನೆಯನ್ನು ನೆನೆಯುವ ಪದ್ಧತಿಯಿಂದ ನಗರವು ಎರಡು ಸಾರಿ ಬಹಳ ಬೆಲೆಯನ್ನು ತೆತ್ತಿದೆ. ರೋಗವಿಲ್ಲದ ದಿನಗಳಲ್ಲಿ ಮಾಡಿದ ಕೆಲಸವು ಅಗ್ಗವೂ ಹೌದು, ಧರ್ಮವೂ ಹೌದು. ಅಂತಹ ದಿನಗಳು ಈಗ ಇವೆ.